ಮೊದಲ ಬಾಡಿಗೆ ಮನೆ: ಸಾಮಾನು ಇಳಿಸುವ ಮುಂಚೆ ಏನು ನೋಡಬೇಕು?

ಪ್ರಶ್ನೆ

ಸರ್, ನಮಸ್ಕಾರ. ಕಾಲೇಜು ಮುಗಿದು ಕೆಲಸ ಸಿಕ್ಕಿದೆ. ಇಷ್ಟು ವರ್ಷ ಹಾಸ್ಟೆಲ್‌ನಲ್ಲೇ ಇದ್ದೆ. ಈಗ ಗೆಳತಿಯ ಜೊತೆ ಸೇರಿ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದಿದ್ದೇವೆ. ಶನಿವಾರ ಬೆಳಿಗ್ಗೆ ಕೀ ಕೊಡ್ತಾರೆ, ಮಧ್ಯಾಹ್ನ ಸಾಮಾನಿನ ಗಾಡಿ ಬರುತ್ತೆ. ಮನೆ ಮೂರು ತಿಂಗಳು ಖಾಲಿ ಬಿದ್ದಿತ್ತಂತೆ. ನೋಡೋಕೆ ಹೋದಾಗ ಬಚ್ಚಲಲ್ಲಿ ಮೋರಿ ವಾಸನೆ ಇತ್ತು. "ಬಳಸ್ತಾ ಬಳಸ್ತಾ ಹೋಗುತ್ತೆ" ಅಂದರು ಓನರ್. ನಂಬಬಹುದಾ? ನೀವು ಎಷ್ಟೋ ಬಾಡಿಗೆ ಮನೆಗಳ ಕೀ ಕೊಟ್ಟು, ವಾಪಸ್ ಪಡೆದವರು. ಮೊದಲ ದಿನ ಏನೇನು ನೋಡಬೇಕು ಅಂತ ಹೇಳಿ.

ಉತ್ತರ

ನಮಸ್ಕಾರ ಅಮ್ಮ. ವಾಸನೆ ವಿಷಯದಲ್ಲಿ ನಿಮ್ಮ ಓನರ್ ಹೇಳಿದ್ದು ನಿಜ ಇರಬಹುದು. ಬಚ್ಚಲ ಜಾಲರಿ ಕೆಳಗೆ, ಸಿಂಕ್ ಕೆಳಗೆ ಪೈಪು ಬಾಗಿರುತ್ತದಲ್ಲ, ಆ ಬಾಗಿನಲ್ಲಿ ಸ್ವಲ್ಪ ನೀರು ಸದಾ ನಿಂತಿರಬೇಕು. ಚರಂಡಿ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದೇ ಆ ನೀರು. ಮನೆ ತಿಂಗಳುಗಟ್ಟಲೆ ಖಾಲಿ ಇದ್ದರೆ ಅದು ಆರಿಹೋಗುತ್ತದೆ, ವಾಸನೆ ನೇರ ಮೇಲೆ ಬರುತ್ತದೆ. ಹೋದ ತಕ್ಷಣ ಎಲ್ಲ ಜಾಲರಿಗೂ, ಸಿಂಕಿಗೂ ಎರಡೆರಡು ಚೊಂಬು ನೀರು ಹಾಕಿ, ಕಿಟಕಿ ತೆಗೆದಿಡಿ. ಮರುದಿನವೂ ವಾಸನೆ ಇದ್ದರೆ ಪೈಪಿನ ಜೋಡಣೆಯಲ್ಲೇ ದೋಷ ಇರಬಹುದು, ಪ್ಲಂಬರ್ ಬರಲೇಬೇಕು.

ಆದರೆ ನನಗೆ ಚಿಂತೆ ಹತ್ತಿಸಿದ್ದು ನಿಮ್ಮ ಶನಿವಾರದ ಲೆಕ್ಕ. ಕೀ ಸಿಕ್ಕ ಮೇಲೆ ಗಾಡಿ ಬರುವ ಮುಂಚೆ ಕನಿಷ್ಠ ಎರಡು ಗಂಟೆ ಖಾಲಿ ಮನೆ ನಿಮ್ಮ ಕೈಯಲ್ಲಿರಲಿ. ಮಂಚ, ಬೀರು ಒಳಗೆ ಬಂದ ಮೇಲೆ ಗೋಡೆಯ ತೇವವೂ ಕಾಣುವುದಿಲ್ಲ, ನೆಲದ ಬಿರುಕೂ ಕಾಣುವುದಿಲ್ಲ. ಮನೆ ಬಿಡುವ ದಿನ ಮಾತ್ರ ಎಲ್ಲವೂ ಕಾಣುತ್ತದೆ, ನಿಮ್ಮ ಲೆಕ್ಕಕ್ಕೆ.

ಒಬ್ಬ ಹುಡುಗ ಮನೆ ಖಾಲಿ ಮಾಡುವಾಗ ನಾನು ಅಲ್ಲೇ ಇದ್ದೆ. ಕೈ ತೊಳೆಯುವ ಬೇಸಿನ್ನಿನಲ್ಲಿ ಕೂದಲೆಳೆಯಂಥ ಒಂದು ಸೀಳು. ಆ ಗೆರೆಯೊಳಗೆ ಕೊಳೆ ಕೂತು ಕಪ್ಪಾಗಿತ್ತು, ಹಳೆಯದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಓನರ್ ಒಪ್ಪಲಿಲ್ಲ. ಹುಡುಗನ ಹತ್ತಿರ ಮೊದಲ ದಿನದ ಒಂದು ಫೋಟೋ ಕೂಡ ಇರಲಿಲ್ಲ. ಹೊಸ ಬೇಸಿನ್ನಿನ ದುಡ್ಡು ಅವನ ಅಡ್ವಾನ್ಸಿನಿಂದ ಕಡಿತವಾಯಿತು. ಅವತ್ತಿನಿಂದ ಯಾರಿಗೆ ಕೀ ಕೊಟ್ಟರೂ ಮೊದಲು ಫೋನ್ ಹೊರಗೆ ತೆಗೆಸುತ್ತೇನೆ.

ಹಾಗಾಗಿ ಬಾಗಿಲಿನಿಂದ ಶುರುಮಾಡಿ ಒಂದೇ ದಿಕ್ಕಿನಲ್ಲಿ ಸುತ್ತುತ್ತಾ ವಿಡಿಯೋ ಮಾಡಿ. ಕಪಾಟು ತೆರೆದು, ಸಿಂಕ್ ಕೆಳಗೆ ಬಗ್ಗಿ, ಕಿಟಕಿ ಗಾಜು, ಚಿಲಕ ಎಲ್ಲ ಹತ್ತಿರದಿಂದ. ಕರೆಂಟ್ ಮೀಟರ್, ನೀರಿನ ಮೀಟರ್ ರೀಡಿಂಗ್ ಫೋಟೋ ತೆಗೆಯಿರಿ. ಹಿಂದಿನವರ ಬಿಲ್ ನಿಮ್ಮ ತಲೆಗೆ ಬರಬಾರದು. ದೋಷಗಳನ್ನೆಲ್ಲ ಅದೇ ಸಂಜೆ ಓನರ್‌ಗೆ ಬರೆದು ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಆರು ತಿಂಗಳ ಮೇಲೆ ಇಬ್ಬರಿಗೂ ಬೇರೆ ಬೇರೆ ಥರ ನೆನಪಿರುತ್ತದೆ.

ನೀರು ಸೋರುತ್ತಿದೆಯಾ ಎಂದು ತಿಳಿಯಲು ಎಲ್ಲ ನಲ್ಲಿ ನಿಲ್ಲಿಸಿ ಮೀಟರ್ ನೋಡಿ. ಮುಳ್ಳು ಅಲುಗಿದರೆ ಎಲ್ಲೋ ಸೋರಿಕೆ ಇದೆ. ಕಮೋಡಿನದು ಕಣ್ಣಿಗೆ ಬೀಳುವುದಿಲ್ಲ. ಫ್ಲಶ್ ಟ್ಯಾಂಕಿನೊಳಗೆ ಅಡುಗೆಗೆ ಹಾಕುವ ಬಣ್ಣ ನಾಲ್ಕು ಹನಿ ಬಿಟ್ಟು ಇಪ್ಪತ್ತು ನಿಮಿಷ ಮುಟ್ಟಬೇಡಿ. ಫ್ಲಶ್ ಮಾಡದೆಯೇ ಕೆಳಗಿನ ನೀರಿಗೆ ಬಣ್ಣ ಬಂದರೆ ಒಳಗಿನ ರಬ್ಬರ್ ಹೋಗಿದೆ. ಮನೆಗೆ ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆ ಎಂದು ಕೇಳಿ, ತಿರುಗಿಸಿ ನೋಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬಿಗಿದುಕೊಂಡಿರುತ್ತದೆ. ರಾತ್ರಿ ಪೈಪು ಒಡೆದಾಗ ಅದು ಗೊತ್ತಾಗುವುದು ಬೇಡ.

ಕರೆಂಟ್ ಬೋರ್ಡಿನಲ್ಲಿ ಎಂಸಿಬಿಗಳ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚುಗಳ) ಪಕ್ಕ, ಸಣ್ಣ ಟೆಸ್ಟ್ ಬಟನ್ ಇರುವ ಸ್ವಿಚ್ಚೊಂದು ಇರಬೇಕು, ಆರ್‌ಸಿಸಿಬಿ ಎನ್ನುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ಇದು ಕಾಯುವುದು ಮನುಷ್ಯರನ್ನು. ಮನೆಗೆ ಹಾಕುವಂಥದ್ದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನಷ್ಟು ಕರೆಂಟ್ ಹೊರಗೆ ಸೋರಿದರೇ ಲೈನ್ ಕಡಿಯುತ್ತದೆ. ಬಟನ್ ಒತ್ತಿದರೆ ಟಪ್ ಎಂದು ಬೀಳಬೇಕು.

ಇನ್ನೊಬ್ಬ ಸದಸ್ಯರು

ಸರ್, ಮಧ್ಯೆ ಕೇಳ್ತಿದ್ದೀನಿ, ಕ್ಷಮಿಸಿ. ಇಬ್ಬರು ಸೇರಿ ಮನೆ ಹಿಡಿದು ಒಬ್ಬರು ನಡುವೆ ಬಿಟ್ಟು ಹೋದರೆ? ನನಗೆ ಈಗ ಅದೇ ಆಗಿದೆ.

ಉತ್ತರ

ನಿಮ್ಮ ಕರಾರು ಪತ್ರ ಓದಿ. "ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ" ಎಂಬ ಸಾಲಿದ್ದರೆ, ಉಳಿದವರಿಂದಲೇ ಪೂರ್ತಿ ಬಾಡಿಗೆ ಕೇಳಬಹುದು. ಅದಕ್ಕೇ ಗೆಳೆಯರೊಳಗೂ ಒಂದು ಹಾಳೆ ಬರೆದಿಟ್ಟುಕೊಳ್ಳಿ ಎನ್ನುವುದು: ಅಡ್ವಾನ್ಸಿನಲ್ಲಿ ಯಾರದೆಷ್ಟು, ಬಿಡುವವರು ಎಷ್ಟು ದಿನ ಮುಂಚೆ ಹೇಳಬೇಕು, ಬದಲಿ ಜನರನ್ನು ಯಾರು ಹುಡುಕಬೇಕು. ಸ್ನೇಹ ಇರುವಾಗಲೇ ಬರೆಯಬೇಕು. ನೀವು ಈಗ ತಡಮಾಡದೆ ಓನರ್ ಹತ್ತಿರ ಮಾತಾಡಿ, ಹೊಸಬರ ಹೆಸರು ಸೇರಿಸಿ ಕರಾರನ್ನೇ ಹೊಸದಾಗಿ ಮಾಡಿಸಿ.

ಪ್ರಶ್ನೆ ಕೇಳಿದವರು (ಶನಿವಾರ ಸಂಜೆ)

ಸರ್, ಗಾಡಿಯನ್ನು ಸಂಜೆಗೆ ಬರೋಕೆ ಹೇಳಿದ್ವಿ. ನೀರು ಹಾಕಿದ ಮೇಲೆ ವಾಸನೆ ಮುಕ್ಕಾಲು ಕಡಿಮೆ ಆಗಿದೆ. ಕಮೋಡಿಗೆ ಬಣ್ಣ ಇಳಿಯಿತು, ಓನರ್‌ಗೆ ಫೋಟೋ ಕಳಿಸಿದೆ. ಆದರೆ ಆ ಟೆಸ್ಟ್ ಬಟನ್ ಮೂರು ಸಲ ಒತ್ತಿದರೂ ಏನೂ ಆಗಲಿಲ್ಲ, ಲೈಟ್ ಉರೀತಾನೇ ಇದೆ. ಬಚ್ಚಲ ಗೀಸರ್ ಸಾಕೆಟ್ ಸುತ್ತ ಕಂದು ಬಣ್ಣದ ಕಲೆ ಬೇರೆ ಇದೆ. ನಾಳೆ ಬೆಳಿಗ್ಗೆ ಸ್ನಾನಕ್ಕೆ ಗೀಸರ್ ಹಾಕಬಹುದಾ?

ಉತ್ತರ

ಬೇಡಮ್ಮ, ಖಂಡಿತ ಬೇಡ. ಕಂದು ಕಲೆ ಎಂದರೆ ಒಳಗೆ ವೈರ್ ಸಡಿಲವಾಗಿ ಕಾದಿರಬಹುದು. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಸಡಿಲ ಜೋಡಣೆಗೆ ಅದು ಬೆಂಕಿಯ ದಾರಿ. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಬೇರೆ ಕಡೆಯಿಂದ ಹಾಕುವ ಯೋಚನೆಯೂ ಬೇಡ. ಬಟನ್ ಒತ್ತಿದರೂ ಬೀಳದ ಆರ್‌ಸಿಸಿಬಿ ಷಾಕ್ ಹೊಡೆದಾಗಲೂ ಬೀಳುತ್ತದೆ ಎಂದು ನಂಬುವ ಹಾಗಿಲ್ಲ, ಒದ್ದೆ ಬಚ್ಚಲಲ್ಲಿ ಈ ಎರಡೂ ಸೇರಬಾರದು.

ಗೀಸರಿನ ಎಂಸಿಬಿ ಈಗಲೇ ಇಳಿಸಿ, ಮೇಲೆ "ಹಾಕಬೇಡಿ" ಎಂದು ಚೀಟಿ ಅಂಟಿಸಿ. ಗೆಳತಿಗೂ ಹೇಳಿ, ಅವರು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಹಾಕಿಬಿಡಬಾರದು. ಎರಡರ ಫೋಟೋವನ್ನೂ ಓನರ್‌ಗೆ ಕಳಿಸಿ, "ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬದಲಿಸಿ, ಆರ್‌ಸಿಸಿಬಿ ಪರೀಕ್ಷಿಸುವವರೆಗೆ ಗೀಸರ್ ಬಳಸುವುದಿಲ್ಲ" ಎಂದು ಬರೆಯಿರಿ. ಅಲ್ಲಿಯವರೆಗೆ ನೀರು ಒಲೆ ಮೇಲೆ ಕಾಯಿಸಿಕೊಳ್ಳಿ. ಎಲೆಕ್ಟ್ರಿಷಿಯನ್ ಬಂದಾಗ ನಿಮ್ಮ ಎದುರಿಗೇ ಆ ಬಟನ್ ಒತ್ತಿಸಿ ನೋಡಿ. ಏನಾಯಿತೆಂದು ಇಲ್ಲೇ ತಿಳಿಸಿ, ನಾನು ನೋಡುತ್ತಿರುತ್ತೇನೆ.