ಪದಚರ್ಚೆ: ‘ವರ್ಕ್‌ಲೋಡ್’, ‘ಮೆಂಟಲ್ ಸ್ಟ್ರೇನ್’ ಕನ್ನಡದಾಗ ಏನಂತೀರಿ? ಸಂಜಿ 5ಕ್ಕ ಪ್ರಿಂಟಿಗೆ ಹೋಗ್ಬೇಕು

ನಮಸ್ಕಾರ್ರಿ. ಬಳ್ಳಾರಿ ಹತ್ರ ಒಂದು ಫ್ಯಾಕ್ಟರಿ ಲೀಗಲ್ ವಿಭಾಗದಾಗ ಅದೀನಿ. ಇರೋದು ನಾಕೇ ಮಂದಿ, ಅಗ್ರಿಮೆಂಟು, ಲೇಬರ್ ನೋಟಿಸು, ಜಮೀನ್ ತಕರಾರು, ಹೈಕೋರ್ಟಿನ ಧಾರವಾಡ ಪೀಠದಾಗಿನ ಕೇಸಿನ ಫೈಲು ಎಲ್ಲಾ ನಮ್ ಮ್ಯಾಲೇ, ಅದಕ್ಕ ಈಗ ಒಂದು ಸುತ್ತೋಲೆ ಹೊಂಟೈತಿ, ಯಾರೇ ನಮ್ ಕಡಿ ಕರಾರು ನೋಡಿಸ್ಬೇಕಂದ್ರೂ ರಿಜಿಸ್ಟರಿನಾಗ ಬರೀಬೇಕು, ರಾತ್ರಿ ವಾಟ್ಸಾಪಿಗೆ ಕಳಿಸಂಗಿಲ್ಲ ಅಂತ. ತಲೆಬರಹಕ್ಕ ‘ಆಂತರಿಕ ವಕೀಲರ ಕಾರ್ಯಭಾರ ಹಾಗೂ ಮಾನಸಿಕ ಆಯಾಸದ ನ್ಯೂನೀಕರಣ’ ಅಂತ ಬರದಾರ, ಕಡಿಮಿ ಮಾಡೋದು ಅನ್ನೋ ಅರ್ಥದಾಗ. ಸರಿ ಮಾಡಿ ಕೊಡ್ರಿ.

ಉತ್ತರ, ಕೊಪ್ಪಳದಿಂದ:
‘ಆಂತರಿಕ ವಕೀಲರು’ ತಪ್ಪು. ಪೂರ್ತಿ ಹೊತ್ತಿನ ಸಂಬಳದ ನೌಕರ ವಕೀಲಿಕಿ ಮಾಡಂಗಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮ 49 ಐತಿ, ವಕಾಲತ್ತು ಹಾಕದವ್ರು ವಕೀಲ್ರು ಹೆಂಗಾಗ್ತಾರ? ‘ಕಾನೂನು ವಿಭಾಗದವರು’ ಸಾಕು. ನ್ಯೂನೀಕರಣ, ಕಾರ್ಯಭಾರ ಎರಡೂ ತೆಗೀರಿ, ಸಂಸ್ಕೃತದ ಹಂಗ್ಯಾಕ? ‘ಹೊರೆ’ ಐತಲ್ಲ. ಹಳಗನ್ನಡದ ಪೊಱು, ಪೊಱೆ. ಕಾಪಾಡು ಅನ್ನೋ ‘ಪೊರೆ’ ಜೊತಿ ಕಲಸಬ್ಯಾಡ್ರಿ, ಅದರ ರಕಾರನೇ ಬ್ಯಾರೆ, ಅದರದು ಸಾದಾ ‘ರ’, ಹೊರೆಯದು ಹಳಗನ್ನಡದ ‘ಱ’. ಜ್ವಾಳದ ಸೊಪ್ಪಿನ ಹೊರಿ ತಲಿ ಮ್ಯಾಲೆ ಎತ್ತಿಡಾಕ ಇನ್ನೊಬ್ರು ಕೈ ಹಚ್ಬೇಕು, ಇಳಸಾಕೂ ಹಂಗ. ನಿಮ್ ಸುತ್ತೋಲೆ ಹೇಳೋದೂ ಅದನ್ನೇ, ಹೊರೆ ಇಳಸಾಕ ಉಳಿದವ್ರೂ ಕೈ ಹಚ್ರಿ ಅಂತ.

ಉತ್ತರ, ರಾಯಚೂರಿಂದ:
ಹೊರೆ ಸರಿ ಅದ, ಕಾರಣ ಸರಿ ಇಲ್ಲ. ಸಂಸ್ಕೃತ ಬ್ಯಾಡಂದ್ರ ‘ಕಾನೂನು’ ಯಾಕ ಇಟ್ರಿ? ಗ್ರೀಕಿನಿಂದ ಅರಬ್ಬಿಗೆ ಹೋಗಿ ಇಲ್ಲಿಗೆ ಬಂದದ್ದು. ವಕೀಲ, ತಕರಾರು, ಕೈಫಿಯತ್ತು (ದಾವೆಗೆ ಬರದು ಕೊಡೋ ಉತ್ತರ) ಎಲ್ಲಾ ಹೊರಗಿನವೇ, ಮಂದಿ ಬಾಯಾಗ ಅವ ಅಂದ್ರ ಕನ್ನಡ. ಇನ್ನ ಸ್ಟ್ರೇನಿಗೆ ‘ಒತ್ತಡ’ ಹಾಕಬ್ಯಾಡ್ರಿ. ಸಾಮಾನ್ಯ ಸಿವಿಲ್ ದಾವೆ ಸಮನ್ಸ್ ಬಂದ ಮ್ಯಾಲೆ 30 ದಿನದಾಗ ಕೈಫಿಯತ್ತು, ಹೆಚ್ಚಂದ್ರ 90. ಆ ಗಡುವು ಒತ್ತಡ, ಅದು ಕೋರ್ಟಿಂದು, ನಿಮ್ ಸುತ್ತೋಲೆಯಿಂದ ಕಡಿಮಿ ಆಗಂಗಿಲ್ಲ. ಗಡುವು ಎಲ್ಲಿ ತಪ್ಪೀತೋ ಅಂತ ನಿದ್ದಿಗೆಟ್ಟು ಮುಂಜಾನಿ ಫೈಲ್ ತೆಗಿಯಾಕ ಮನಸಾಗಂಗಿಲ್ಲ ನೋಡ್ರಿ, ಅದು ದಣಿವು. ಅದನ್ನ ಬರೀರಿ.

ಕೊಪ್ಪಳ:
ದಣಿವು ಒಪ್ಪಿದೆ. ಆದ್ರ ನೂರಾರು ವರ್ಷ ಬಾಯಾಗ ಸವದ ಪದ ಬ್ಯಾರೆ, ನಿನ್ನೆ ಆಫೀಸಿನಾಗ ಕೂತು ಟಂಕಿಸಿದ ‘ನ್ಯೂನೀಕರಣ’ ಬ್ಯಾರೆ. ಎರಡಕ್ಕೂ ಒಂದೇ ತಕ್ಕಡಿ ಹಿಡೀಬ್ಯಾಡ್ರಿ.

ರಾಯಚೂರು:
ನ್ಯೂನೀಕರಣ ಇಡ್ರಿ ಅಂತ ನಾ ಎಲ್ಲಿ ಅಂದೆ? ಓದಿ ಬರೀರಿ.

ಬಳ್ಳಾರಿ:
‘ಕಾನೂನು ವಿಭಾಗದವರ ಕೆಲಸದ ಹೊರೆ, ಮನಸಿನ ದಣಿವು ಇಳಿಸಲು’ ಅಂತ ಕಳಿಸ್ಲೇನ್ರಿ? 4:30 ಆತು.

ಕೊಪ್ಪಳ:
ದಣಿವು ಇಳಸಂಗಿಲ್ಲ, ಆರಸ್ತಾರ. ‘ಹೊರೆ ಇಳಿಸಲು, ದಣಿವು ಆರಿಸಲು’.