ಕಾಣೆಯಾದವರ ಹೆಸರಿನ ಹೊಲವನ್ನು ಏಳು ವರ್ಷ ತುಂಬುವವರೆಗೆ ಯಾರು ನೋಡಿಕೊಳ್ಳಬೇಕು?

ಪ್ರಶ್ನೆ: ರೋಣ ತಾಲೂಕಿನ ಓದುಗ

ಮಾನ್ಯರೇ, ನಮ್ಮ ಅಕ್ಕನ ಯಜಮಾನರು 2021ರಲ್ಲಿ ಹಿಂಗಾರಿ ಸುಗ್ಗಿ ಮುಗಿದ ಮೇಲೆ ದುಡಿಯಲು ಗೋವಾಕ್ಕೆ ಹೋಗುತ್ತೇನೆಂದು ಹೇಳಿ ಮನೆ ಬಿಟ್ಟವರು ಇಂದಿಗೂ ತಿರುಗಿ ಬಂದಿಲ್ಲ, ಫೋನನ್ನೂ ಮಾಡಿಲ್ಲ. ಠಾಣೆಯಲ್ಲಿ ಕಾಣೆಯಾದ ಪ್ರಕರಣ ದಾಖಲಾಗಿದೆ. ಅಣ್ಣತಮ್ಮಂದಿರ ವಾಟ್ನಿಯಲ್ಲಿ (ಆಸ್ತಿ ಪಾಲಾದಾಗ) ಅವರ ಪಾಲಿಗೆ ಬಂದ ನಾಲ್ಕು ಎಕರೆ ಎರೆಹೊಲದ ಉತಾರ (ಪಹಣಿ) ಅವರ ಹೆಸರಿನಲ್ಲೇ ಇದ್ದು, ಅಕ್ಕ ಆಳು ಹಚ್ಚಿ ಹೆಸರು, ಕಡಲೆ ಬೆಳೆಯುತ್ತಿದ್ದಾಳೆ. ಸೊಸೈಟಿಯ ಬೆಳೆಸಾಲ ನವೀಕರಿಸಲು ಖಾತೆದಾರರ ಸಹಿ ಕೇಳುತ್ತಿದ್ದಾರೆ. ಭಾವನ ಹೆಸರಿನಲ್ಲಿ ಒಂದು ಉಳಿತಾಯ ಖಾತೆ ಮತ್ತು ಒಂದು ಜೀವವಿಮೆಯೂ ಇವೆ. ಮಗ ಇನ್ನೂ ಐದನೇ ಇಯತ್ತೆಯಲ್ಲಿದ್ದಾನೆ. ಈಗ ಭಾವನ ತಮ್ಮನು, ಅವರು ತೀರಿಕೊಂಡರೆಂದು ಬರೆಸಿ ವಾರಸಾ ಹಚ್ಚಿಸೋಣ (ವಾರಸುದಾರರ ಹೆಸರಿಗೆ ಖಾತೆ ಮಾಡಿಸೋಣ), ಹುಡುಗ ದೊಡ್ಡವನಾಗುವ ತನಕ ಹೊಲ ನನ್ನ ಕೈಯಲ್ಲಿರಲಿ ಎಂದು ಒತ್ತಾಯ ಮಾಡುತ್ತಿದ್ದಾನೆ. ನಾವು ಏನು ಮಾಡಬೇಕು?

ಉತ್ತರ: ಧಾರವಾಡದ ಸಿವಿಲ್ ವಕೀಲ

ಸಹೋದರರೇ, ಸಾವಿಗೆ ನೇರ ಪುರಾವೆ ಸಿಕ್ಕರೆ ಮಾತು ಬೇರೆ. ಅದಿಲ್ಲದಿರುವಾಗ ಏಳು ವರ್ಷ ತುಂಬುವ ಮೊದಲು ನಿಮ್ಮ ಭಾವನವರನ್ನು ತೀರಿಕೊಂಡವರೆಂದು ಯಾವ ಕಚೇರಿಯೂ ದಾಖಲಿಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 111, ಅಂದರೆ ಹಳೆಯ 1872ರ ಕಾಯ್ದೆಯ ಕಲಂ 108, ಹೇಳುವುದಿಷ್ಟು: ಒಬ್ಬ ವ್ಯಕ್ತಿ ಬದುಕಿದ್ದರೆ ಸಹಜವಾಗಿ ಯಾರಿಗೆ ಅವನ ಸುದ್ದಿ ಮುಟ್ಟುತ್ತಿತ್ತೋ, ಅವರಿಗೆ ಏಳು ವರ್ಷ ಯಾವ ಸುದ್ದಿಯೂ ಬಾರದಿದ್ದರೆ, ಅವನು ಬದುಕಿದ್ದಾನೆಂದು ಹೇಳುವವರ ಮೇಲೆಯೇ ಅದನ್ನು ರುಜುವಾತುಪಡಿಸುವ ಹೊಣೆ ಬೀಳುತ್ತದೆ. ಆದ್ದರಿಂದ ನಾಳೆ ನಿಮ್ಮ ದಾವೆಯಲ್ಲಿ ಮುಖ್ಯ ಸಾಕ್ಷಿಗಳು ಅಕ್ಕ, ಅತ್ತೆ ಮತ್ತು ಅವರ ಜೊತೆ ದುಡಿಯುತ್ತಿದ್ದ ಗೆಳೆಯರು. ಏಳು ವರ್ಷ ತುಂಬಿದ ಮಾತ್ರಕ್ಕೆ ಯಾವುದೂ ತಾನಾಗಿ ಆಗುವುದಿಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆ 1963ರ ಕಲಂ 34ರ ಅಡಿ ಅವರು ತೀರಿಕೊಂಡರೆಂಬ ಘೋಷಣೆಯ ದಾವೆ ಹೂಡಿ ಡಿಕ್ರಿ (ನ್ಯಾಯಾಲಯದ ತೀರ್ಪಿನ ಆದೇಶ) ಪಡೆಯಬೇಕು. ಸರ್ಕಾರವನ್ನು ಪ್ರತಿವಾದಿ ಮಾಡುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರಂತೆ ಎರಡು ತಿಂಗಳ ನೋಟಿಸನ್ನು ಮೊದಲೇ ಕೊಡಬೇಕಾಗುತ್ತದೆ.

ಅಕ್ಕನ ಮೈದುನನ ವಿಷಯಕ್ಕೆ ಬರೋಣ. ಮನೆಯ ಹಿರಿಯನ ಸುಳಿವೇ ಇಲ್ಲದಿರುವಾಗ ಅವಿಭಕ್ತ ಕುಟುಂಬದ ಕಿರಿಯ ಸದಸ್ಯನೂ ಕರ್ತನಂತೆ, ಅಂದರೆ ಕುಟುಂಬದ ಆಸ್ತಿ ನೋಡಿಕೊಳ್ಳುವ ಯಜಮಾನನಂತೆ, ವ್ಯವಹರಿಸಬಹುದಾದ ಸಂದರ್ಭಗಳನ್ನು ಸುಪ್ರೀಂ ಕೋರ್ಟ್ 1991ರ ತ್ರಿಭುವನದಾಸ್ ತಾಂಬೋಲಿ ಪ್ರಕರಣದಲ್ಲಿ ಒಪ್ಪಿದೆ. ಅವರು ಈ ಮಾತನ್ನೇ ಹಿಡಿದು ಬರಬಹುದು. ಆದರೆ ವಾಟ್ನಿ ಆಗಿ ಅಣ್ಣತಮ್ಮಂದಿರು ಬೇರೆಯಾಗಿರುವುದರಿಂದ ಆ ಹೊಲದಲ್ಲಿ ಅವರಿಗೆ ಕರ್ತನ ಸ್ಥಾನವಿಲ್ಲ. ಹಿರಿಯರಿಂದ ಬಂದ ಆಸ್ತಿಯಾಗಿದ್ದರೆ ಹುಡುಗನಿಗೆ ಹುಟ್ಟಿನಿಂದಲೇ ಪಾಲಿದೆ. ಅವನ ಪರವಾಗಿ ತಾಯಿಯೇ ದಾವೆ ಹೂಡಿ, ಸ್ವಾಧೀನಕ್ಕೆ ಅಡ್ಡಿ ಮಾಡದಂತೆ ತಡೆಯಾಜ್ಞೆ ಕೇಳಬಹುದು. ಉಳುಮೆ, ಫಸಲು, ಕಂದಾಯ ಇವೆಲ್ಲ ಅಕ್ಕನ ಕೈಯಲ್ಲೇ ಇರಲಿ, ಆದರೆ ಗಂಡನ ಪಾಲನ್ನು ಮಾರುವ ಅಥವಾ ಒತ್ತೆಯಿಡುವ ಅಧಿಕಾರ ಅದರಿಂದ ಹುಟ್ಟುವುದಿಲ್ಲ. ಇಂಗ್ಲೆಂಡಿನಲ್ಲಿ 2017ರ ಒಂದು ಕಾಯ್ದೆಯ ಪ್ರಕಾರ ತೊಂಬತ್ತು ದಿನ ಕಾಣೆಯಾದವರ ಆಸ್ತಿಗೆ ನ್ಯಾಯಾಲಯವು ಪಾಲಕರನ್ನು ನೇಮಿಸಬಹುದು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ, ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಖರ್ಚಿಗೆ ಹೆದರಬೇಡಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿರಿ.

ಉತ್ತರ: ನಿವೃತ್ತ ಕಂದಾಯ ನೌಕರ, ಹಾವೇರಿ

ವಕೀಲ ಸಾಹೇಬರ ಮಾತಿಗೆ ಕಚೇರಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಬದಲಿಸಲು, ಮರಣ ಪ್ರಮಾಣಪತ್ರ ಬೇಕು. ಕಾಣೆಯಾದವರನ್ನು ಸತ್ತವರೆಂದು ಘೋಷಿಸುವ ಅಧಿಕಾರ ತಹಶೀಲ್ದಾರರಿಗಿಲ್ಲ. ಆದರೂ ಊರಿನಲ್ಲಿ ಪಂಚನಾಮೆ, ವಂಶಾವಳಿ, ಒಪ್ಪಿಗೆ ಪತ್ರ ಎಂದು ಕಾಗದ ಕೂಡಿಸಿ ತರುವವರಿಗೆ ಬರವಿಲ್ಲ. ಅಕ್ಕನವರು ಅಂಥ ಯಾವ ಕಾಗದಕ್ಕೂ ಸಹಿ ಮಾಡಬಾರದು. ಠಾಣೆಯ ದೂರಿನ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಲಿ. ಅಷ್ಟಾದರೂ ಫೇರ್‌ಫಾರ್ (ಖಾತೆ ಬದಲಾವಣೆ) ಆಗಿಬಿಟ್ಟರೆ ಭೂಕಂದಾಯ ಕಾಯ್ದೆಯ ಕಲಂ 136ರ ಅಡಿ ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರಲ್ಲಿ ಮೇಲ್ಮನವಿಗೆ ಅವಕಾಶವಿದೆ. ಕಂದಾಯ ತುಂಬಿದ ರಸೀದಿ, ಎಪಿಎಂಸಿಯಲ್ಲಿ ಮಾಲು ಮಾರಿದ ಪಟ್ಟಿ, ಬೀಜ ಗೊಬ್ಬರದ ಬಿಲ್ಲು ಇವನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡರೆ ಸ್ವಾಧೀನಕ್ಕೆ ಅವೇ ಪುರಾವೆ.

ಮತ್ತೆ ಕೇಳಿದ್ದು: ರೋಣ ತಾಲೂಕಿನ ಓದುಗ

ಇಬ್ಬರಿಗೂ ಧನ್ಯವಾದಗಳು. ಉಳಿತಾಯ ಖಾತೆಗೆ ಅಕ್ಕನೇ ನಾಮಿನಿ. ಭಾವನ ಎಟಿಎಂ ಕಾರ್ಡು ಮನೆಯಲ್ಲೇ ಇದೆ. ಮಗನ ಸಾಲೆಯ ಖರ್ಚಿಗೆ ಅದರಿಂದ ಹಣ ತೆಗೆಯಬಹುದೇ? ಸೊಸೈಟಿಯಲ್ಲಿ ಒಬ್ಬರು ಸಹಿಯನ್ನು ನೀವೇ ಹಾಕಿಬಿಡಿ ಎಂದೂ ಹೇಳಿದರು.

ಉತ್ತರ: ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಅಧಿಕಾರಿ

ಎರಡನ್ನೂ ಮಾಡಬೇಡಿರಿ. ಸುಳ್ಳು ಸಹಿ ಅಪರಾಧ ಎಂಬುದು ಒಂದು ಕಡೆ. ಅದಕ್ಕಿಂತ ನಿಮಗೆ ಹತ್ತಿರದ ಅಪಾಯವೆಂದರೆ, ನಡುವೆ ಸಾಲ ನವೀಕರಿಸಿ ಎಟಿಎಂನಿಂದ ಹಣವನ್ನೂ ತೆಗೆದ ಮನುಷ್ಯ 2021ರಿಂದ ಸುದ್ದಿಯೇ ಇಲ್ಲದವನು ಹೇಗಾದನು ಎಂದು ಮುಂದೆ ಎದುರು ವಕೀಲರು ಕೇಳಿದರೆ ನಿಮ್ಮ ಏಳು ವರ್ಷದ ಲೆಕ್ಕವೇ ಕುಸಿಯುತ್ತದೆ. ಬ್ಯಾಂಕಿಗೆ ಈಗಲೇ ಲಿಖಿತವಾಗಿ ತಿಳಿಸಿರಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ, ಕಾಣೆಯಾದವರ ಖಾತೆಯ ಕ್ಲೇಮಿಗೆ ಸಾಮಾನ್ಯವಾಗಿ ನ್ಯಾಯಾಲಯದ ತೀರ್ಮಾನ ಬೇಕು. ಆದರೆ ಬ್ಯಾಂಕು ತಾನು ಗೊತ್ತುಪಡಿಸಿದ ಮಿತಿಯೊಳಗಿನ ಮೊತ್ತಕ್ಕೆ ಎಫ್‌ಐಆರ್, ಪೊಲೀಸರ ಪತ್ತೆಯಾಗಿಲ್ಲವೆಂಬ ವರದಿ ಮತ್ತು ನಷ್ಟಭರ್ತಿ ಪತ್ರ (ಮುಂದೆ ನಷ್ಟವಾದರೆ ತುಂಬಿಕೊಡುತ್ತೇವೆಂಬ ಬರಹ) ಇಷ್ಟರ ಮೇಲೆಯೇ ಕ್ಲೇಮು ಇತ್ಯರ್ಥ ಮಾಡಬಹುದು. ಆ ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಆದ್ದರಿಂದ ಶಾಖೆಯಲ್ಲಿ ಕೇಳಿರಿ.

ವಿಮೆಯ ಕಂತನ್ನು ಮಾತ್ರ ನಿಲ್ಲಿಸಬೇಡಿರಿ. ಎಲ್‌ಐಸಿ ಮತ್ತು ಅನುರಾಧಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ್ದು, ಏಳು ವರ್ಷದ ನಂತರ ಸಾವನ್ನು ಊಹಿಸಬಹುದೇ ಹೊರತು ಸಾವಿನ ದಿನವನ್ನಲ್ಲ ಎಂದು. ಕಾಣೆಯಾದ ದಿನವೇ ತೀರಿಕೊಂಡರೆಂದು ವಾದಿಸಿ, ನಡುವೆ ಕಂತು ನಿಂತು ರದ್ದಾದ ಪಾಲಿಸಿಯ ಪೂರ್ತಿ ಹಣ ಕೇಳಲು ಬರುವುದಿಲ್ಲ. ಈಗಾಗಲೇ ಕಂತು ತಪ್ಪಿದ್ದರೆ ಪಾಲಿಸಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಶಾಖೆಯಿಂದ ಬರವಣಿಗೆಯಲ್ಲಿ ಪಡೆದು ವಕೀಲರಿಗೆ ತೋರಿಸಿರಿ.