ಫಿನಾಲ್‌ನ ಜಲೀಕರಣ ಮುಕ್ತ ಶಕ್ತಿ: ಲ್ಯಾಂಬ್ಡಾ 0.8ರ ಬಳಿ ಲೆಕ್ಕ ಕೂಡುತ್ತಿಲ್ಲ

ಪ್ರಶ್ನೆ (ಸುರತ್ಕಲ್):
ನಮಸ್ಕಾರ. ಇಲ್ಲಿನ ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆಯಿಂದ ತೆಗೆಯುವ ಎಣ್ಣೆಯಲ್ಲಿರುವ ಕಾರ್ಡನಾಲ್ ಮೇಲೆ ಕೆಲಸ ಮಾಡಬೇಕೆಂದಿದ್ದೇನೆ. ಅಭ್ಯಾಸಕ್ಕಾಗಿ ಮೊದಲು ಅದರ ತಲೆಭಾಗವಾದ ಫಿನಾಲನ್ನು ನೀರಿನಲ್ಲಿಟ್ಟು, ಅದರ ಜಲೀಕರಣ ಮುಕ್ತ ಶಕ್ತಿಯನ್ನು (ಅಣು ಅನಿಲಸ್ಥಿತಿಯಿಂದ ನೀರಿಗೆ ಸೇರುವಾಗ ಆಗುವ ಮುಕ್ತ ಶಕ್ತಿಯ ಬದಲಾವಣೆ) ಲೆಕ್ಕಹಾಕಲು ಹೊರಟೆ. ಅಣುಗಳ ಚಲನೆಯನ್ನು ಅನುಕರಿಸುವ ತಂತ್ರಾಂಶವಾದ ಗ್ರೋಮ್ಯಾಕ್ಸ್‌ನಲ್ಲಿ ಲ್ಯಾಂಬ್ಡಾವನ್ನು (0 ಎಂದರೆ ಫಿನಾಲ್ ನೀರಿನೊಡನೆ ಪೂರ್ತಿ ವರ್ತಿಸುವ ಸ್ಥಿತಿ, 1 ಎಂದರೆ ಆ ನಂಟು ಪೂರ್ತಿ ಕಳಚಿದ ಸ್ಥಿತಿ) 0.1ರ ಅಂತರದಲ್ಲಿ 11 ಹಂತಗಳಾಗಿ ಹಂಚಿ, ವಿದ್ಯುದಾವೇಶವನ್ನೂ ಲೆನಾರ್ಡ್-ಜೋನ್ಸ್ ಬಲವನ್ನೂ (ಆವೇಶವಿಲ್ಲದೆಯೂ ಪರಮಾಣುಗಳ ನಡುವೆ ಇರುವ ಆಕರ್ಷಣೆ-ವಿಕರ್ಷಣೆ) ಒಟ್ಟಿಗೇ ಇಳಿಸಿದೆ. ಎರಡು ರನ್‌ಗಳ ಉತ್ತರಗಳಲ್ಲಿ ಮೋಲ್‌ಗೆ 9 ಕಿಲೋಜೂಲ್ ವ್ಯತ್ಯಾಸ ಬಂದಿದೆ, 0.8ರ ಹಂತವಂತೂ ಎರಡು ಸಲ ನಡುವಿನಲ್ಲೇ ನಿಂತುಹೋಯಿತು. ಪ್ರತಿ ಹಂತವನ್ನೂ ಇನ್ನಷ್ಟು ಹೊತ್ತು ಓಡಿಸಬೇಕೇ?

ಉತ್ತರ (ಮಣಿಪಾಲ):
ಹೆಚ್ಚು ಹೊತ್ತು ಓಡಿಸುವುದರಿಂದ ಇದು ಸರಿಹೋಗದು, ಏಕೆಂದರೆ ದೋಷವಿರುವುದು ದಾರಿಯಲ್ಲಿ. ಮುಕ್ತ ಶಕ್ತಿಯ ವ್ಯತ್ಯಾಸವು ಮೊದಲ ಮತ್ತು ಕೊನೆಯ ಸ್ಥಿತಿಗಳನ್ನಷ್ಟೇ ಅವಲಂಬಿಸಿರುವುದರಿಂದ ನಡುವಿನ ಸ್ಥಿತಿಗಳು ನಿಸರ್ಗದಲ್ಲಿ ಇರಲೇಬೇಕೆಂದಿಲ್ಲ. ಆದರೆ ಅಕ್ಕಪಕ್ಕದ ಸ್ಥಿತಿಗಳಲ್ಲಿ ಅಣುಗಳು ತಳೆಯುವ ವಿನ್ಯಾಸಗಳು ಒಂದರೊಳಗೊಂದು ಬೆರೆತಿರಲೇಬೇಕು. ಆ ಬೆರಕೆ ಇಲ್ಲದಿದ್ದರೆ ಎರಡು ಸ್ಥಿತಿಗಳ ಮುಕ್ತ ಶಕ್ತಿಯ ವ್ಯತ್ಯಾಸ ಕಂಡುಹಿಡಿಯಲು ಬೆನೆಟ್ 1976ರಲ್ಲಿ ಕೊಟ್ಟ ವಿಧಾನವಾಗಲಿ, ಅದನ್ನು ಎಲ್ಲ ಸ್ಥಿತಿಗಳಿಗೂ ವಿಸ್ತರಿಸಿದ 2008ರ ಎಂಬಾರ್ (MBAR) ಆಗಲಿ ನೆರವಿಗೆ ಬಾರದು.

ರನ್ ನಿಂತದ್ದಕ್ಕೆ ಕಾರಣ ಹೈಡ್ರಾಕ್ಸಿಲ್‌ನ ಹೈಡ್ರೋಜನ್ ಎಂದು ನನಗೆ ತೋರುತ್ತದೆ. ಹಲವು ಬಲಕ್ಷೇತ್ರಗಳಲ್ಲಿ (ಪರಮಾಣುಗಳ ನಡುವಿನ ಬಲಗಳನ್ನು ಲೆಕ್ಕಹಾಕುವ ಸೂತ್ರ ಮತ್ತು ಅಂಕಿಗಳ ಕಟ್ಟು) ಅದಕ್ಕೆ ಸ್ವಂತ ವಿಕರ್ಷಣೆಯೇ ಇರುವುದಿಲ್ಲ, ಪಕ್ಕದ ಆಕ್ಸಿಜನ್ನೇ ಅದಕ್ಕೆ ರಕ್ಷೆ. ಆ ರಕ್ಷೆ ತೆಳುವಾದ ಮೇಲೂ ಧನಾವೇಶ ಸ್ವಲ್ಪ ಉಳಿದಿದ್ದರೆ ನೀರಿನ ಆಕ್ಸಿಜನ್ ನೇರವಾಗಿ ಅದರ ಮೇಲೆ ಬಂದು ಬೀಳುತ್ತದೆ. ಆದ್ದರಿಂದ ಮೊದಲು ಆವೇಶವನ್ನು ಪೂರ್ತಿ ಇಳಿಸಿ. ಅದು ಹೆಚ್ಚುಕಡಿಮೆ ಸಮವಾಗಿ ಬದಲಾಗುವುದರಿಂದ 0, 0.25, 0.5, 0.75, 1 ಸಾಕು. ಆಮೇಲೆ ಸಾಫ್ಟ್‌ಕೋರ್ ಆಲ್ಫಾ (ಪರಮಾಣುಗಳು ತೀರ ಹತ್ತಿರ ಬಂದಾಗಲೂ ಶಕ್ತಿ ಮಿತಿಮೀರದಂತೆ ವಿಕರ್ಷಣೆಯನ್ನು ಮೆತ್ತಗಾಗಿಸುವ ಅಂಕಿ) 0.5 ಇಟ್ಟು ಲೆನಾರ್ಡ್-ಜೋನ್ಸ್ ಬಲವನ್ನು ಇಳಿಸಿ. ಇಲ್ಲಿ ಸಮ ಅಂತರದ ಹಟ ಬೇಡ: 0.5ರವರೆಗೆ 0.1ರ ಅಂತರವಿರಲಿ, ಅಣುವಿದ್ದ ಜಾಗಕ್ಕೆ ನೀರು ನುಗ್ಗತೊಡಗುವ ಮುಂದಿನ ಭಾಗದಲ್ಲಿ 0.05ಕ್ಕೆ ಇಳಿಸಿ. ಎಲ್ಲ ಹಂತಗಳನ್ನೂ ಮೊದಲು ಚಿಕ್ಕದಾಗಿ ಓಡಿಸಿ, ಓವರ್‌ಲ್ಯಾಪ್ ಮ್ಯಾಟ್ರಿಕ್ಸ್‌ನಲ್ಲಿ (ಸ್ಥಿತಿಗಳು ಒಂದರೊಳಗೊಂದು ಎಷ್ಟು ಬೆರೆತಿವೆ ಎಂದು ತೋರಿಸುವ ಕೋಷ್ಟಕ) ಕರ್ಣದ ಪಕ್ಕದ ಅಂಕಿಗಳನ್ನು, ಅಂದರೆ ಅಕ್ಕಪಕ್ಕದ ಸ್ಥಿತಿಗಳ ಬೆರಕೆಯನ್ನು, ನೋಡಿ. 0.03ಕ್ಕಿಂತ ಕಡಿಮೆ ಇರುವಲ್ಲಿ ಮಾತ್ರ ಇನ್ನೊಂದು ಸ್ಥಿತಿ ಸೇರಿಸಿದರಾಯಿತು. ಎಂಬಾರ್ ಬಳಸುವುದಾದರೆ ನೆರೆಯ ಲ್ಯಾಂಬ್ಡಾಗಳ ಆಯ್ಕೆಯನ್ನು (calc-lambda-neighbors) -1, ಅಂದರೆ ಎಲ್ಲ ಸ್ಥಿತಿಗಳು, ಎಂದು ಮಾಡಲು ಮರೆಯಬೇಡಿ. ಪೂರ್ವನಿಯೋಜಿತ 1ರಲ್ಲಿ ಅಕ್ಕಪಕ್ಕದ ಸ್ಥಿತಿಗಳ ಶಕ್ತಿ ಮಾತ್ರ ದಾಖಲಾಗುತ್ತದೆ.

ಪ್ರಶ್ನೆ ಕೇಳಿದವರಿಂದ:
ತುಂಬಾ ಉಪಕಾರವಾಯಿತು, ಸರ್. ಈಗ ಯಾವ ಹಂತವೂ ನಿಲ್ಲಲಿಲ್ಲ, ಎರಡು ರನ್‌ಗಳ ವ್ಯತ್ಯಾಸ 0.7 ಕಿಲೋಜೂಲ್‌ಗೆ ಇಳಿದಿದೆ. ಆದರೂ ಪ್ರಯೋಗದ ಬೆಲೆಯಾದ ಸುಮಾರು -27.7ಕ್ಕೂ ನನ್ನ ಉತ್ತರಕ್ಕೂ 4 ಕಿಲೋಜೂಲ್ ಅಂತರವಿದೆ. ಇನ್ನೂ ಸ್ಥಿತಿಗಳನ್ನು ಸೇರಿಸಲೇ?

ಉತ್ತರ:
ಬೇಡ. ಎರಡು ರನ್‌ಗಳು ಇಷ್ಟು ಹತ್ತಿರ ಬಂದಿದ್ದು ಓವರ್‌ಲ್ಯಾಪ್ ಕೂಡ ಸರಿಯಿದ್ದರೆ, ಉಳಿದ ಅಂತರಕ್ಕೆ ಮಧ್ಯಂತರ ಸ್ಥಿತಿಗಳು ಹೊಣೆಯಲ್ಲ. ಫಿನಾಲ್‌ಗೆ ನೀವು ಕೊಟ್ಟ ಆವೇಶಗಳನ್ನೂ ನೀರಿನ ಮಾದರಿಯನ್ನೂ ಈಗ ಪರಿಶೀಲಿಸಿ.